ನಲವತ್ತೆಂಟು ತಾಸಿನ ಅಳಿಯ

ಸುರಪುರದ ರಂಗಂಪೇಟೆಯ ಪರಮಣ್ಣ ಗ್ಯಾಸ್ ಸಿಲಿಂಡರಿಗೆ ಮೂಗು ಹಚ್ಚಿ ನೋಡದೆ ಮಲಗುವವನಲ್ಲ. ಹೊಸ ಚಪ್ಪಲಿ ಕೊಂಡರೆ ನಾಲ್ಕು ದಿನ ಮನೆಯೊಳಗೇ ಮೆಟ್ಟಿಕೊಂಡು ತಿರುಗಿ, ಉಂಗುಷ್ಟ ಕಿತ್ತು ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಓಣಿಗೆ ಇಳಿಯುವನು. ಹೆದರುವುದನ್ನು ಅವನು ಹಲ್ಲುಜ್ಜುವಷ್ಟು ನಿಯಮದಿಂದ ಮಾಡುತ್ತಿದ್ದ.

ಇಂಥವನಿಗೆ ಸಿಕ್ಕ ನೌಕರಿಯೂ ಹೇಳಿ ಮಾಡಿಸಿದಂಥದ್ದು. ಶಹಾಪುರದ ಹೊರಗೆ ಒಂದು ಸಣ್ಣ ಕಾರ್ಖಾನೆ. ಮನೆಯಲ್ಲಿ ಕುಂತು ಮೊಬೈಲಿನಿಂದಲೇ ಹೊಲದ ಪಂಪ್‌ಸೆಟ್ ಚಾಲೂ ಮಾಡುವ ಪೆಟ್ಟಿಗೆಗಳನ್ನು ಅಲ್ಲಿ ತಯಾರಿಸುತ್ತಾರೆ. ತಯಾರಾದ ಪೆಟ್ಟಿಗೆಗಳನ್ನು ಪೇಟೆಗೆ ಕಳಿಸುವ ಮೊದಲು ಒಂದು ಬಿಸಿ ಕೋಣೆಯಲ್ಲಿ ಸಾಲಾಗಿ ಜೋಡಿಸಿ, ಕರೆಂಟ್ ಕೊಟ್ಟು, ನಲವತ್ತೆಂಟು ತಾಸು ಬಿಡದೆ ಓಡಿಸುವುದು ಅಲ್ಲಿಯ ಪದ್ಧತಿ. ಆಳುಗಳು ಆ ಕೋಣೆಗೆ ಕಾವಿನ ಖೋಲಿ ಎನ್ನುತ್ತಿದ್ದರು. ಎರಡೆರಡು ತಾಸಿಗೆ ಒಳಗೆ ಹೋಗಿ, ಪೆಟ್ಟಿಗೆಗಳನ್ನು ಮುಟ್ಟಿ ನೋಡಿ, ಮೂಸಿ ನೋಡಿ, ಕಿವಿಗೊಟ್ಟು ಕೇಳಿ, ಛಾಪಿಸಿದ ಹಾಳೆಯ ಮೇಲೆ ಬರೆಯುವುದು ಪರಮಣ್ಣನ ಕೆಲಸ.

ಕೆಲಸಕ್ಕೆ ಸೇರಿದ ದಿನ ಅಲ್ಲಿಯ ಇಂಜಿನಿಯರ್ ಅನುರಾಧಾ ಮೇಡಮ್ ತಿಳಿಸಿ ಹೇಳಿದ್ದರು: "ನೋಡ್ರಿ ಪರಮಣ್ಣ, ಯಾವ ಮಾಲೇ ಇರಲಿ, ಸಾಯೋದಿದ್ರ ಮೊದಲ ಎರಡು ದಿನದಾಗ ಸಾಯ್ತದ. ಇಲ್ಲಂದ್ರ ಮುದಿ ಆಗಿ ಸಾಯ್ತದ. ನಡುವಿನ ವರ್ಷ ಆರಾಮ ಇರ್ತದ. ಆ ಮೊದಲಿನ ಸಾವು ರೈತನ ಹೊಲದಾಗ ಆಗಬಾರದು, ನಮ್ಮ ಖೋಲ್ಯಾಗ ಆಗಬೇಕು. ಅದಕ್ಕ ನೀವು ಇರೋದು."

ಜೀವಮಾನವಿಡೀ ಯಾಕೆ ಹೆದರುತ್ತೇನೆಂದು ತನಗೇ ಗೊತ್ತಿಲ್ಲದ ಪರಮಣ್ಣನಿಗೆ ಅಂದು ಶಾಸ್ತ್ರಾಧಾರ ಸಿಕ್ಕಿತು. ಮನೆಗೆ ಮಿಕ್ಸರ್ ತಂದಾಗ ಎರಡು ದಿನ ಬರೀ ನೀರು ಹಾಕಿ ತಿರುಗಿಸಿದ. ಹೆಂಡತಿ ಹನುಮಮ್ಮ ಹೊಸ ಕುಕ್ಕರ್ ಒಲೆಯ ಮೇಲಿಟ್ಟಾಗ ಮನೆಮಂದಿಯನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದ. ಇವೆಲ್ಲ ಓಣಿಯವರಿಗೆ ನಗಲು ಸಿಕ್ಕ ಸಣ್ಣ ಸಂಗತಿಗಳು. ನಗು ಬರದ ಸಂಗತಿ ಕೊಂಕಲ್‌ನಲ್ಲಿ ನಡೆಯಿತು.

ಕೊಂಕಲ್‌ನಲ್ಲಿ ಅವನ ತಂಗಿಯ ಮನೆ. ತಂಗಿಯ ಮಗಳು ಪರಿಮಳಾಗೆ ಗಂಡು ನೋಡಿದವನು ಪರಮಣ್ಣನೇ. "ಹುಡುಗ ಚೊಕ್ಕ ಅದಾನ, ನನ್ನ ಮಾತು" ಎಂದು ಎದೆ ಮುಟ್ಟಿ ಹೇಳಿ ಮದುವೆ ಮಾಡಿಸಿದ್ದ. ಮದುವೆಯಾದ ಎರಡನೇ ದಿನ ಆ ಚೊಕ್ಕ ಹುಡುಗ ಕುಡಿದು ಬಂದು ಅವಳ ಕೈ ಮುರಿದ. ನಾಲ್ಕನೇ ದಿನ ಪರಿಮಳಾ ಕೈಗೆ ಪಟ್ಟಿ ಕಟ್ಟಿಸಿಕೊಂಡು ತವರಿಗೆ ಬಂದಳು, ಮತ್ತೆ ಹೋಗಲಿಲ್ಲ. ಪರಮಣ್ಣನೂ ಆಮೇಲೆ ಕೊಂಕಲ್‌ಗೆ ಹೋಗಲಿಲ್ಲ.

ಅದಾಗಿ ಏಳು ತಿಂಗಳಿಗೆ ಅವನ ಮಗಳು ಸವಿತಾಗೇ ಗುರುಮಠಕಲ್‌ನ ಸಂಬಂಧ ಗೊತ್ತಾಯಿತು. ಹುಡುಗ ಅರುಣಕುಮಾರ, ಒಂದು ಹೈಸ್ಕೂಲಿನಲ್ಲಿ ಕ್ಲಾರ್ಕು. ತಂದೆ ಇಲ್ಲ; ಮನೆಯ ಯಜಮಾನಿಕೆಯೆಲ್ಲ ಸೋದರಮಾವ ಲಿಂಗಣ್ಣನದು. ನಿಶ್ಚಯದ ದಿನ ಲಿಂಗಣ್ಣ ಮೀಸೆ ತೀಡುತ್ತ ಕೇಳಿದ: "ಬೀಗರ ನೌಕರಿ ಏನ್ರಿ?"

ಪೆಟ್ಟಿಗೆ ಮೂಸುವ ಕೆಲಸ ಎಂದು ಬೀಗರ ಮುಂದೆ ಹೇಳುವುದು ಹೇಗೆ? ಪರಮಣ್ಣ ಗಂಟಲು ಸರಿಪಡಿಸಿಕೊಂಡ. "ಟೆಸ್ಟಿಂಗ್ ಆಫೀಸರ್ ಅದೀನ್ರಿ, ಶಹಾಪುರದಾಗ."

"ಹೌದಾ," ಎಂದ ಲಿಂಗಣ್ಣ ಕೊಂಚ ನೆಟ್ಟಗಾಗಿ ಕುಳಿತ. "ದವಾಖಾನಿದೇನ್ರಿ? ರಕ್ತದ್ದಾ?"

"ಎಲ್ಲಾ ತರದ್ದೂ ಇರ್ತದ್ರಿ," ಎಂದ ಪರಮಣ್ಣ.

ಇದು ಪೂರಾ ಸುಳ್ಳಲ್ಲ. ಆದರೆ ಈ ನಾಲ್ಕು ಮಾತಿನಿಂದ ಮುಂದೆ ಏನೇನಾಯಿತು ಎಂದು ನೋಡಿದರೆ, ಅಂದು ಅವನು ನೇರ ಸುಳ್ಳನ್ನೇ ಹೇಳಿದ್ದರೆ ಒಳ್ಳೆಯದಿತ್ತು.

ನಿಶ್ಚಯ ಮುಗಿದು ಬೀಗರು ಹೋದರು. ಪರಮಣ್ಣನಿಗೆ ಊಟ ಸೇರದಾಯಿತು. ಹುಡುಗ ನೋಡಲು ಒಳ್ಳೆಯವನೇ. ಕೊಂಕಲ್‌ನ ಹುಡುಗನೂ ನೋಡಲು ಒಳ್ಳೆಯವನೇ ಇದ್ದ. ಎಂಟು ದಿನ ರೊಟ್ಟಿ ಮುರಿದು ಮುರಿದು ಇಟ್ಟ ಮೇಲೆ ಒಂದು ಮುಂಜಾನೆ ಹೆಂಡತಿಗೆ ಹೇಳಿದ: "ಅಳಿಯನ್ನ ಎರಡು ದಿನ ಮನ್ಯಾಗ ಇಟಗೊಂಡು ನೋಡೂಣು."

"ಏನು ನೋಡೋದು?"

"ಓಡ್ತಾನೋ ಇಲ್ಲೋ ಅಂತ."

ಹನುಮಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮದುವಿ ಮೊದಲು ಅಳಿಯ ಬಂದು ಮನ್ಯಾಗ ಇದ್ರ ಓಣಿ ಮಂದಿ ಏನಂದಾರು? ನಿಮಗೇನು ತಲಿ ಕೆಟ್ಟದೇನು?"

"ಸವಿತಾನ್ನ ಶಹಾಪುರಕ್ಕ ನಿನ್ನ ತಂಗಿ ಮನಿಗೆ ಕಳಸೂಣು. ಅವ ಬಟ್ಟಿ ಅಳತಿ ಕೊಡಾಕ ಬಂದಾನಂತ ಹೇಳೂಣು. ನಮ್ಮ ಟೇಲರ ಎರಡು ದಿನದಾಗ ಹೊಲದು ಕೊಡ್ತಾನ. ಶನಿವಾರ ಒಂಬತ್ತಕ್ಕ ಬಂದ್ರ ಸೋಮವಾರ ಒಂಬತ್ತಕ್ಕ ಬಿಡೂಣು. ಸರಿಯಾಗಿ ನಲವತ್ತೆಂಟು ತಾಸು."

ಹನುಮಮ್ಮ ಗಂಡನ ಮುಖ ನೋಡಿದಳು. ಬೈಯಬೇಕೆಂದು ತೆರೆದ ಬಾಯಿಂದಲೇ "ಆತು, ಬರಲಿ" ಎಂದಳು. ಹಿಟ್ಟಿಗೆ ಕೈ ಹಾಕಿದಳು.

ಮೇ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಅರುಣಕುಮಾರ ಒಂದು ಕೈಚೀಲ, ಅರ್ಧ ಕಿಲೋ ಖೋವಾ ಹಿಡಿದು ಬಾಗಿಲಲ್ಲಿ ನಿಂತ. ಪರಮಣ್ಣ ಹೊಸ್ತಿಲಲ್ಲೇ ಅವನನ್ನು ತಡೆದು ಮಾತಿಗೆಳೆದು, ಗೋಡೆ ಗಡಿಯಾರದ ಮುಳ್ಳು ಒಂಬತ್ತಕ್ಕೆ ಬಂದ ಮೇಲೆ, "ಹಾಂ, ಈಗ ಬರ್ರಿ" ಎಂದ. ಮುಹೂರ್ತ ನೋಡುತ್ತಾರೇನೋ ಎಂದುಕೊಂಡು ಹುಡುಗ ಬಲಗಾಲಿಟ್ಟು ಒಳಗೆ ಬಂದ.

ಅವನಿಗೆ ಕೊಟ್ಟದ್ದು ಮಾಳಿಗೆಯ ಮೇಲಿನ ತಗಡಿನ ಖೋಲಿ. ಸುರಪುರದ ಮೇ ತಿಂಗಳ ಬಿಸಿಲಿಗೆ ತಗಡಿನ ಖೋಲಿ ಎಂದರೆ ಕಾರ್ಖಾನೆಯ ಕಾವಿನ ಖೋಲಿ ನಾಚಬೇಕು. ಅಲ್ಲೊಂದು ಫ್ಯಾನ್ ಇತ್ತು. "ಕೆಟ್ಟದ್ರಿ," ಎಂದ ಪರಮಣ್ಣ. ಅದರ ಫ್ಯೂಸು ಅವನ ಅಂಗಿಯ ಕಿಸೆಯಲ್ಲಿತ್ತು.

ಆಮೇಲೆ ಶುರುವಾಯಿತು. ಟೇಲರ್ ಬಂದು ಅಳತೆ ತೆಗೆದ. ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಅದರ ಮೇಲೆ ಪರಮಣ್ಣನೇ ಕೈಯಾರೆ ಮೂರು ಸಲ ಬಡಿಸಿದ ಕೆಂಪು ಮೆಣಸಿನಕಾಯಿ ರಂಜಕ. ಹುಡುಗ ಕಣ್ಣೀರು ಒರೆಸಿಕೊಳ್ಳುತ್ತ ಉಂಡ, ಬೇಡ ಎನ್ನಲಿಲ್ಲ. ಊಟವಾದ ಮೇಲೆ ನಳದ ನೀರು ಬಂತು. "ಅಳಿಯಂದ್ರ, ಜರಾ ಕೈ ಹಚ್ಚತೀರೇನು?" ಎಂದು ಇಪ್ಪತ್ತು ಕೊಡ ಮಾಳಿಗೆಗೆ ಹೊರಿಸಿದ. ಕೊಡ ಹೊತ್ತು ಮೆಟ್ಟಿಲು ಏರುವಾಗ ಬೆನ್ನ ಹಿಂದೆ ಸ್ಟೀಲಿನ ಪರಾತ ಧಡಲ್ ಎಂದು ಬಿತ್ತು. ಹುಡುಗ ಬೆಚ್ಚಿದನಾದರೂ ಕೊಡ ಬಿಡಲಿಲ್ಲ. ಪರಮಣ್ಣ ಪರಾತ ಎತ್ತಿಕೊಂಡು, "ಕೈ ಜಾರ್ತು" ಎಂದ. ಎರಡನೇ ಸಲವೂ ಹಾಗೇ ಎಂದ.

ಇವೆಲ್ಲಕ್ಕಿಂತ ಹುಡುಗನಿಗೆ ತಿಳಿಯದೆ ಹೋದದ್ದು ಬೇರೆ. ಎರಡೆರಡು ತಾಸಿಗೊಮ್ಮೆ ಮಾವ ಬರುವನು. ಮಾತಿಲ್ಲದೆ ಹಣೆ ಮುಟ್ಟುವನು. ಬಾಯಿಯ ಹತ್ತಿರ ಮೂಗು ತಂದು ಉದ್ದಕ್ಕೆ ಉಸಿರೆಳೆಯುವನು. ಎದೆಗೆ ಕಿವಿ ಹಚ್ಚುವನು. ತಲೆಯಾಡಿಸಿ ಕೆಳಗೆ ಹೋಗುವನು. ರಾತ್ರಿಯೂ ಬಿಡಲಿಲ್ಲ. ಹುಡುಗ ಸಭ್ಯಸ್ಥ. ಮೊದಲ ಮೂರು ಸಲ ಇದೊಂದು ಸುರಪುರ ಕಡೆಯ ಪದ್ಧತಿ ಇರಬಹುದು ಎಂದುಕೊಂಡ. ಎಂಟನೇ ಸಲಕ್ಕೆ ಅವನಿಗೆ ಮೈಯೆಲ್ಲ ಬೆವರಿತು. ಪರಮಣ್ಣ ಕೆಳಗೆ ಹೋಗಿ ಕಾರ್ಖಾನೆಯಿಂದ ತಂದ ಹಾಳೆಯ ಮೇಲೆ ಬರೆದ: "ಬಿಸಿ: ಇದೆ."

ಇಲ್ಲಿ ಒಂದು ಮಾತು ಹೇಳಬೇಕು. ಹುಡುಗ ಮಾವನಿಗೆ ಹೆದರಿ ಮಾತು ಕಡಿಮೆ ಮಾಡಿದ. ಮಾವ "ಸದ್ದು: ಇಲ್ಲ" ಎಂದು ಬರೆದು, ಹುಡುಗನಿಗೆ ಒಳಗೇನೋ ಆಗುತ್ತಿದೆ ಎಂದು ಹೆದರಿ, ಎರಡು ತಾಸಿಗೆ ಬರುವವನು ಒಂದು ತಾಸಿಗೇ ಬರತೊಡಗಿದ. ಅವನು ಹೆಚ್ಚು ಬಂದಷ್ಟು ಹುಡುಗ ಹೆಚ್ಚು ಹೆದರಿದ. ಹುಡುಗ ಹೆಚ್ಚು ಹೆದರಿದಷ್ಟು ಪರಮಣ್ಣನಿಗೆ ನಿದ್ದೆ ಹಾರಿತು. ಭಾನುವಾರ ಬೆಳಗಾಗುವ ಹೊತ್ತಿಗೆ ಆ ಮನೆಯಲ್ಲಿ ಇಬ್ಬರು ಗಂಡಸರು ಒಬ್ಬರಿಗಿಂತ ಒಬ್ಬರು ಜಾಸ್ತಿ ನಡುಗುತ್ತಿದ್ದರು. ಹನುಮಮ್ಮ ಮಾತ್ರ ಗಡದ್ದಾಗಿ ಮಲಗಿದ್ದಳು.

ಭಾನುವಾರ ಎಂಟು ಗಂಟೆಗೆ ಪರಮಣ್ಣ ಹಣೆ ಮುಟ್ಟಲು ಹೋದಾಗ ಹುಡುಗನ ಹಲ್ಲು ಕಟಕಟ ಎಂದವು. ಇಪ್ಪತ್ತಮೂರನೇ ತಾಸು. ಕಾರ್ಖಾನೆಯಲ್ಲಿ ಪೆಟ್ಟಿಗೆ ಹೀಗೆ ನಡುಗಿದರೆ ಮುಂದೆ ಒಂದೇ ಒಂದು ಗತಿ. ಅವನು ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಹರವಿ "ನಡುಕ: ಇದೆ" ಎಂದು ಬರೆದು, ಗಾಬರಿಯಲ್ಲಿ ಹಾಳೆಯನ್ನು ಅಲ್ಲೇ ಬಿಟ್ಟು ಹಾಲು ತರಲು ಓಡಿದ.

ಅರುಣಕುಮಾರ ಹಾಳೆ ಎತ್ತಿಕೊಂಡು ಓದಿದ.

ಮೇಲೆ ನಂಬರ್ ಎಂಬಲ್ಲಿ "ಅಳಿಯ ೧" ಎಂದು ಬರೆದಿತ್ತು. ಅದರ ಕೆಳಗೆ ಚಾಲೂ ಮಾಡಿದ ವೇಳೆ, ಬಿಸಿ, ಸದ್ದು, ವಾಸನೆ, ನಡುಕ ಎಂದು ಸಾಲುಸಾಲು. ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ ಛಾಪಿಸಿದ್ದು: "ನಲವತ್ತೆಂಟು ತಾಸಿಗೆ ಉಳಿದಿದ್ದರೆ ಪ್ಯಾಕ್ ಮಾಡಿ ಕಳುಹಿಸುವುದು. ಸತ್ತಿದ್ದರೆ ಬಿಚ್ಚಿ ನೋಡಿ ಕಾರಣ ಬರೆಯುವುದು."

ಹಾಳೆ ತಿರುವಿದ. ಹಿಂಬದಿಯಲ್ಲಿ ಹಿಂದಿನ ವಾರದ್ದು ಅದೇ ಕೈಬರಹದಲ್ಲಿತ್ತು: "ಎಂಟನೇ ತಾಸಿಗೆ ಒಂದು ಸತ್ತಿತು. ಹತ್ತೊಂಬತ್ತನೇ ತಾಸಿಗೆ ಇನ್ನೊಂದು ಸತ್ತಿತು. ಬಿಚ್ಚಿ ನೋಡಲಾಗಿ ಒಳಗೆ ಕರಕಾಗಿತ್ತು."

ಸತ್ತಿತು ಎಂದು ಬರೆದಿದೆ, ಸತ್ತನು ಎಂದು ಬರೆದಿಲ್ಲ. ಇದನ್ನು ಹೈಸ್ಕೂಲಿನ ಕ್ಲಾರ್ಕು ಗಮನಿಸಬೇಕಿತ್ತು. ಆದರೆ ಆ ಬಿಸಿಲಲ್ಲಿ, ಆ ತಗಡಿನ ಕೆಳಗೆ, ಹಿಂದಿನ ದಿನದ ರಂಜಕ ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿರುವಾಗ ವ್ಯಾಕರಣ ಯಾರಿಗೆ ನೆನಪಾಗುತ್ತದೆ? ತೆಲಂಗಾಣದ ಗಡಿಯ ಊರಿನವನಾದ ಅವನ ಬಾಯಿಂದ "ಅಮ್ಮೋ" ಎಂಬ ಒಂದೇ ತೆಲುಗು ಮಾತು ಹೊರಟಿತು. ಹಾಳೆಯ ಫೋಟೋ ತೆಗೆದು ಎರಡು ಕಡೆ ಕಳಿಸಿದ. ಸೋದರಮಾವನಿಗೆ: "ಮಾಮಾ, ಜಲ್ದಿ ಬಾ." ಸವಿತಾಗೆ: "ನಿಮ್ಮ ಅಪ್ಪಾರು ನನ್ನ ಮ್ಯಾಲೆ ಏನು ಮಾಡಾಕತ್ತಾರ?" ಮೆಟ್ಟಿಲಿಳಿದರೆ ಮಾವನ ಕೈಗೆ ಸಿಕ್ಕೇನೆಂದು, ಸೋದರಮಾವ ಬರುವ ತನಕ ಮುಸುಕು ಹಾಕಿಕೊಂಡು ಮಲಗಿದ.

ಗುರುಮಠಕಲ್‌ನಲ್ಲಿ ಲಿಂಗಣ್ಣ ಫೋಟೋ ನೋಡಿದ. ಬೀಗ ದವಾಖಾನೆಯ ಟೆಸ್ಟಿಂಗ್ ಆಫೀಸರ್ ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದವನು ಅವನೇ. ಈಗ ಅವನ ತಲೆಯಲ್ಲಿ ದವಾಖಾನೆಯ ಹಿಂದಿನ ಕೋಣೆ, ಬಿಳಿ ಬಟ್ಟೆ, ಕತ್ತರಿ ಎಲ್ಲ ಒಂದಾದ ಮೇಲೊಂದು ಬಂದು ಕೂತವು. "ಅವ ರಕ್ತ ನೋಡೋನಲ್ಲಪಾ, ಹೆಣಾ ಬಿಚ್ಚೋನು," ಎಂದವನೇ ಜೀಪು ಬಾಡಿಗೆ ಹಿಡಿದ.

ಇತ್ತ ಪರಮಣ್ಣ ಹುಡುಗನನ್ನು ಉಳಿಸಿಕೊಳ್ಳುವ ಉಪಾಯ ಯೋಚಿಸುತ್ತಿದ್ದ. ಪರೀಕ್ಷೆ ನಿಲ್ಲಿಸಿದರೆ ನಲವತ್ತೆಂಟು ತಾಸು ತುಂಬುವುದಿಲ್ಲ. ನಿಲ್ಲಿಸದಿದ್ದರೆ ಹುಡುಗ ಉಳಿಯುವುದಿಲ್ಲ. ಕಡೆಗೆ, ಕಾವು ಸ್ವಲ್ಪ ಇಳಿಸಿದರೆ ಕಾನೂನಿಗೆ ಅಡ್ಡಿಯಾಗಲಿಕ್ಕಿಲ್ಲ ಎಂದು ತೀರ್ಮಾನಿಸಿ ದೊಡ್ಡದೊಂದು ಕಲ್ಲಂಗಡಿ ತಂದ. ಅದನ್ನು ಕೊಡದ ನೀರಿನಲ್ಲಿಟ್ಟು ತಂಪು ಮಾಡಿ, ಮಧ್ಯಾಹ್ನ ಒಂದು ಗಂಟೆಗೆ ಒಂದು ಬಗಲಲ್ಲಿ ಹಣ್ಣು, ಇನ್ನೊಂದು ಕೈಯಲ್ಲಿ ಮೊಳದುದ್ದದ ಚಾಕು ಹಿಡಿದು ಮೆಟ್ಟಿಲು ಹತ್ತಿದ. ಅರ್ಧ ದಾರಿಯಲ್ಲಿ ಹಣ್ಣು ಭಾರವಾಯಿತು. ಅದನ್ನು ಮೆಟ್ಟಿಲ ಮೇಲಿಟ್ಟು, ಹುಡುಗನನ್ನು ಎಬ್ಬಿಸಿ ಬರೋಣ ಎಂದು ಮೇಲೆ ಹೋದ.

ಬಾಗಿಲಲ್ಲಿ ಚಾಕು ಹಿಡಿದ ಮಾವ ಕಂಡ. ಹಣ್ಣು ಕಾಣಲಿಲ್ಲ.

"ಅಳಿಯಂದ್ರ," ಎಂದ ಪರಮಣ್ಣ ಬಹಳ ಪ್ರೀತಿಯಿಂದ, ಕಾರ್ಖಾನೆಯ ರೂಢಿಯ ಮಾತಿನಲ್ಲೇ, "ಏಳ್ರಿ. ಬಿಚ್ಚೂಣು."

ಅರುಣಕುಮಾರ ಕಿಟಕಿಯಿಂದ ಹಾರಿದ.

ಕಿಟಕಿಯ ಆಚೆ ಪಕ್ಕದ ಮನೆಯ ಗೊಲ್ಲಾಳಮ್ಮನ ದನದ ಕೊಟ್ಟಿಗೆಯ ಸೋಗೆ ಇತ್ತು. ಅದು ಕಿರ್ರೆಂದು ಬಾಗಿ, ಅವನನ್ನು ಮೆಲ್ಲಗೆ ಹುಲ್ಲಿನ ಬಣವೆಯ ಮೇಲೆ ಇಳಿಸಿತು. ಅವನು ಎದ್ದು ಅಂಗಳದ ಕಡೆ ಓಡಿದ. ಎಪ್ಪತ್ತು ದಾಟಿದ ಗೊಲ್ಲಾಳಮ್ಮ ಒಬ್ಬಳೇ ಅಂಗಳದಲ್ಲಿ ತೊಟ್ಟಿಯಿಂದ ನೀರೆತ್ತುತ್ತಿದ್ದಳು. ಕೊಟ್ಟಿಗೆಯಿಂದ ಹುಲ್ಲು ಮೆತ್ತಿಕೊಂಡ ಗಂಡಸು ಓಡಿಬರುವುದನ್ನು ಕಂಡು "ಕಳ್ಳ" ಎಂದು ಕೂಗಿ ಹಿಂದೆ ಸರಿದವಳು ಹಸಿ ಕಲ್ಲಿನ ಮೇಲೆ ಜಾರಿದಳು. ಕೊಡ ಒಂದು ಕಡೆ, ಮುದುಕಿ ಒಂದು ಕಡೆ. ತಲೆ ತೊಟ್ಟಿಯ ಅಂಚಿಗೆ ಬಡಿಯಿತು.

ಅಷ್ಟರಲ್ಲಿ ಹುಡುಗ ಅಗಳಿ ತೆಗೆದು ಓಣಿಗೆ ಕಾಲಿಟ್ಟಾಗಿತ್ತು. ಮುಂದೆ ಬಸ್ ಸ್ಟ್ಯಾಂಡಿನ ದಾರಿ ಖಾಲಿ ಇತ್ತು. ಮಾಳಿಗೆಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ ಪರಮಣ್ಣ ಎಲ್ಲವನ್ನೂ ನೋಡಿದ. ಹುಡುಗ ಒಮ್ಮೆ ಹಿಂದೆ ತಿರುಗಿ ಮುದುಕಿಯನ್ನು ನೋಡಿದ. ಮೇಲೆ ನೋಡಿದ, ಕಿಟಕಿಯಲ್ಲಿ ಚಾಕು ಬಿಸಿಲಿಗೆ ಹೊಳೆಯುತ್ತಿತ್ತು. ಅವನ ಮುಖ ಬೂದಿಯಾಯಿತು. ಆಮೇಲೆ, ಅಳುವವನ ಹಾಗೆ ಮುಖ ಮಾಡಿಕೊಂಡು ಮರಳಿ ಒಳಗೆ ಬಂದ.

ಪರಮಣ್ಣ ಕೆಳಗಿಳಿದು ಸುತ್ತು ಹಾಕಿ ಬರುವಷ್ಟರಲ್ಲಿ ಹುಡುಗ ಮುದುಕಿಯನ್ನು ನೆರಳಿಗೆ ಎತ್ತಿ ಮಲಗಿಸಿ, ತನ್ನ ಅಂಗಿ ಬಿಚ್ಚಿ ತಲೆಗೆ ಬಿಗಿಯಾಗಿ ಕಟ್ಟಿದ್ದ. ಗೊಲ್ಲಾಳಮ್ಮ ಕಣ್ಣು ಬಿಟ್ಟು, "ಯಾರವ್ವ ಈ ಕಳ್ಳ, ಭಾಳ ಛಲೋ ಅದಾನ," ಎನ್ನುತ್ತಿದ್ದಳು.

"ಮಾವಾರ," ಎಂದ ಹುಡುಗ ಎರಡೂ ಕೈ ಮುಗಿದು, "ಮೊದಲು ಆಯಿನ್ನ ದವಾಖಾನಿಗೆ ಒಯ್ಯೂಣ್ರಿ. ಆಮ್ಯಾಲೆ ನೀವು ಏನು ಮಾಡ್ತೀರೋ ಮಾಡ್ರಿ."

"ನಾ ಏನು ಮಾಡ್ಲಿ?" ಎಂದ ಪರಮಣ್ಣ. ಕೈಯಲ್ಲಿ ಚಾಕು ಇನ್ನೂ ಇತ್ತು.

ಅದೇ ಕ್ಷಣಕ್ಕೆ ಓಣಿಯಲ್ಲಿ ಜೀಪು ನಿಂತಿತು. ಲಿಂಗಣ್ಣ ಇಳಿದ. ಠಾಣೆಯಿಂದ ಕರೆತಂದಿದ್ದ ಹವಾಲ್ದಾರ ಭೀಮರಾಯನೂ ಇಳಿದ. ಅವರು ಕಂಡದ್ದು: ರಕ್ತದ ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಮಲಗಿದ ಮುದುಕಿ, ಬರೀ ಮೈಯಲ್ಲಿ ಕೈ ಮುಗಿದು ಕೂತ ಅಳಿಯ, ಮೇಲೆ ಚಾಕು ಹಿಡಿದು ನಿಂತ ಟೆಸ್ಟಿಂಗ್ ಆಫೀಸರ್. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಸಾಕ್ಷಿ ಒಂದೇ ಕಡೆ ಸಿಕ್ಕದ್ದು ಭೀಮರಾಯನಿಗೆ ಇದೇ ಮೊದಲು. ಅವನು ಚಾಕು ಕಿತ್ತುಕೊಂಡ.

ಗೊಲ್ಲಾಳಮ್ಮನನ್ನು ಜೀಪಿನಲ್ಲಿ ಹಾಕಿ, ಹನುಮಮ್ಮನನ್ನು ಜೊತೆಗೆ ಕೂಡಿಸಿ ದವಾಖಾನೆಗೆ ಕಳಿಸಿದರು. ಓಣಿಯ ಮಂದಿ ಅಂಗಳ ತುಂಬಿದರು. ಹುಡುಗ ಪ್ಯಾಂಟಿನ ಕಿಸೆಯಿಂದ ತೆಗೆದುಕೊಟ್ಟ ಹಾಳೆಯನ್ನು ಹವಾಲ್ದಾರ ಬಿಚ್ಚಿ ಎಲ್ಲರಿಗೂ ಕೇಳುವಂತೆ ಓದಿದ. "ಬಿಚ್ಚಿ ನೋಡಿ ಕಾರಣ ಬರೆಯುವುದು" ಎಂಬಲ್ಲಿಗೆ ಬಂದಾಗ ಮುಂದೆ ನಿಂತಿದ್ದವರು ಹಿಂದೆ ಸರಿದರು.

"ಅಳಿಯ ಒಂದು ಅಂತ ಬರದೀದಿ," ಎಂದ ಭೀಮರಾಯ. "ಎರಡನೇದವ ಎಲ್ಲಿ ಅದಾನ?"

"ನನಗ ಒಬ್ಬಾಕೇ ಮಗಳ್ರಿ, ಸಾಹೇಬ್ರ."

"ಹಂಗಾದ್ರ ಹೋದ ವಾರ ಎಂಟನೇ ತಾಸಿಗೆ ಸತ್ತಾವ ಯಾರು?"

"ಅದು ಪೆಟಿಗಿರಿ."

"ಪೆಟಿಗ್ಯಾಗ ಹಾಕಿದ್ದು ಆಮ್ಯಾಲೆ. ಸತ್ತಾವ ಯಾರು ಅಂತ ಕೇಳಾಕತ್ತೇನಿ."

ಹೆದರಿದಾಗ ಪರಮಣ್ಣನ ಮಾತು ತಲೆಕೆಳಗಾಗುತ್ತಿತ್ತು. "ನಮ್ಮ ಮೇಡಮ್‌ಗೆ ಕೇಳ್ರಿ," ಎಂದು ಮಾತ್ರ ಹೇಳಿ ಫೋನು ಮುಂದೆ ಮಾಡಿದ. ಹವಾಲ್ದಾರ ಅನುರಾಧಾ ಮೇಡಮ್‌ಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ. ತಾನು ಯಾರು ಎಂದು ಹೇಳಬೇಕು ಎನ್ನುವಷ್ಟರಲ್ಲಿ ಆ ಕಡೆಯಿಂದ ಮೇಡಮ್ ಶುರು ಮಾಡಿದರು.

"ಏನು ಪರಮಣ್ಣ, ಭಾನುವಾರನೂ ಕೆಲಸ ಹಚ್ಚೀರೇನು? ಎಷ್ಟು ತಾಸು ಆತು?"

"ಇಪ್ಪತ್ತೆಂಟಾತ್ರಿ," ಎಂದ ಪರಮಣ್ಣ ಅಭ್ಯಾಸಬಲದಿಂದ.

"ಇನ್ನೂ ಸತ್ತಿಲ್ಲಾ?"

"ಇಲ್ರಿ. ನಡಗಾಕತ್ತದ."

"ನಡಗಿದ್ರ ನಡಗಲಿ, ತೆಗೀಬ್ಯಾಡ್ರಿ. ಇನ್ನೊಂದಿಷ್ಟು ಕಾವು ಏರಿಸ್ರಿ. ಸತ್ರ ಇಲ್ಲೇ ಸಾಯಲಿ, ಮಂದಿ ಮನ್ಯಾಗ ಹೋಗಿ ಸಾಯೋದು ಬ್ಯಾಡ. ನಮ್ಮ ಹೆಸರು ಕೆಡ್ತದ," ಎಂದು ಮೇಡಮ್ ಫೋನು ಇಟ್ಟರು.

ಲಿಂಗಣ್ಣ ಅಳಿಯನನ್ನು ತನ್ನ ಬೆನ್ನ ಹಿಂದೆ ಸರಿಸಿಕೊಂಡ. ಹವಾಲ್ದಾರ ಕಿಸೆಯಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. "ಇದೊಂದು ದೊಡ್ಡ ಗ್ಯಾಂಗ್ ಅದ," ಎಂದ ಮೆಲ್ಲಗೆ.

ಪರಮಣ್ಣ ನೆಲಕ್ಕೆ ಕುಸಿದು ಕೂತ. ಅವನ ಜೀವನದಲ್ಲಿ ಹೆದರಿದ್ದೆಲ್ಲ ನಿಜವಾದ ದಿನ ಬಂದಿತ್ತು: ಪೊಲೀಸ್ ಬಂದಿದ್ದರು, ಬೀಗರು ಸಿಟ್ಟಾಗಿದ್ದರು, ಮಗಳ ಮದುವೆ ಮುರಿದಿತ್ತು. ಇಷ್ಟಕ್ಕೂ ಕಾರಣ ತಾನೇ.

ಆಗ ಮಂದಿಯನ್ನು ಸರಿಸಿಕೊಂಡು ಸವಿತಾ ಬಂದಳು. ಫೋಟೋ ಅವಳು ನೋಡಿದ್ದೇ ಹನ್ನೊಂದರ ಮೇಲೆ; ನೋಡಿದೊಡನೆ ಶಹಾಪುರದಿಂದ ಹೊರಟವಳು. ದಾರಿಯಲ್ಲಿ ಬಸ್ಸಿನ ಟಯರು ಪಂಚರಾಗಿ ತಡವಾಗಿತ್ತು. ಅಪ್ಪನನ್ನು, ಹವಾಲ್ದಾರನನ್ನು, ಅಂಗಿಯಿಲ್ಲದ ಅರುಣಕುಮಾರನನ್ನು ಒಂದು ಸುತ್ತು ನೋಡಿದಳು. ಯಾರ ಜೊತೆಗೂ ಮಾತಾಡದೆ ತಮ್ಮ ಮನೆಯೊಳಗೆ ಹೋಗಿ, ಅಪ್ಪ ಕಾರ್ಖಾನೆಯಿಂದ ತಂದಿಟ್ಟಿದ್ದ ಪಂಪ್‌ಸೆಟ್ಟಿನ ಒಂದು ಸತ್ತ ಪೆಟ್ಟಿಗೆ ಎತ್ತಿಕೊಂಡು ಬಂದು ಹವಾಲ್ದಾರನ ಕೈಗಿಟ್ಟಳು.

"ಎಂಟನೇ ತಾಸಿಗೆ ಸತ್ತಾಂವ ಇವನೇ ನೋಡ್ರಿ," ಎಂದಳು.

ಆಮೇಲೆ ತಿಳಿಸಿ ಹೇಳಿದಳು. ಕಾರ್ಖಾನೆ, ಕಾವಿನ ಖೋಲಿ, ಎರಡು ದಿನದ ಪರೀಕ್ಷೆ, ಹಾಳೆ. ಹವಾಲ್ದಾರ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. ಹಿಂಬದಿಯ ಮುಚ್ಚಳ ಬಿಚ್ಚಿತ್ತು, ಒಳಗೆ ಕರಕಾಗಿತ್ತು. ಗ್ಯಾಂಗ್ ಕೈತಪ್ಪಿ ಹೋದ ಬೇಸರ ಅವನ ಮುಖದಲ್ಲಿ ಎದ್ದು ಕಂಡಿತು. "ನಮ್ಮ ಹೊಲಕ್ಕೂ ಇದನ್ನೇ ಹಾಕಸೇನಿ. ಎರಡು ವರ್ಷ ಆತು, ಛಲೋ ನಡದದ," ಎಂದು ಗೊಣಗಿ ಚಾಕು ಮರಳಿ ಕೊಟ್ಟ.

ಲಿಂಗಣ್ಣನ ಸಿಟ್ಟು ಈಗ ಏರಿತು. "ನಮ್ಮ ಹುಡುಗ ಏನು ಪಂಪ್‌ಸೆಟ್ ಏನ್ರಿ? ಮೂಸಿ ನೋಡ್ತೀರಿ, ಮೈ ಮುಟ್ಟಿ ನೋಡ್ತೀರಿ. ಅರುಣಾ, ನಡಿ. ಈ ಸಂಬಂಧ ಬ್ಯಾಡ."

ಪರಮಣ್ಣ ನೆಲದಿಂದ ಏಳಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ: "ತಪ್ಪಾತ್ರಿ ಬೀಗರ. ಈ ಹುಡುಗ ಓಣಿ ಮುಟ್ಟಿದಾಂವ ನನ್ನ ಕೈಯಾಗಿನ ಚಾಕು ಕಂಡೂ ಹೊಳ್ಳಿ ಬಂದ, ಮ್ಯಾಲಿಂದ ನಾನೇ ನೋಡೇನಿ. ಕೊಂಕಲ್‌ನಾಗ ನನ್ನ ತಂಗಿ ಮಗಳದಾಳ, ಪರಿಮಳಾ ಅಂತ. ಆಕಿಗೂ ನಾನೇ ಗಂಡು ತಂದಿದ್ದೆ. ಎರಡೇ ದಿನಕ್ಕ ಆಕಿ ಕೈ ಮುರದ. ಈಗೂ ಆ ಕೈ ಪೂರಾ ಮ್ಯಾಲೆ ಏಳಂಗಿಲ್ಲ. ಪೆಟಿಗಿ ಕೆಟ್ರ ವಾಪಸ್ ತಗೋತೇವಿ, ಬ್ಯಾರೇದು ಕೊಡ್ತೇವಿ. ಹುಡುಗಿಗೆ ಏನು ಕೊಡ್ಲಿ? ಅದಕ್ಕ ಮೂಸಿದೆ. ಕುಡದಿದ್ರ ವಾಸನಿ ಬರ್ತದಲ್ರಿ."

ಲಿಂಗಣ್ಣ ಮೀಸೆಗೆ ಹೋಗಿದ್ದ ಕೈಯನ್ನು ಕೆಳಗಿಳಿಸಿದ.

ಸವಿತಾ ಅರುಣಕುಮಾರನ ಕಡೆ ತಿರುಗಿದಳು. "ಓಣಿಗೆ ಹೋಗಿದ್ರೆಂತಲ್ಲ ನೀವು. ಚಾಕು ಹಿಡದದ್ದು ಕಂಡಿದ್ರಿ. ಮತ್ಯಾಕ ಹೊಳ್ಳಿ ಬಂದ್ರಿ?"

"ಆಯಿ ಒಬ್ಬಾಕೇ ಬಿದ್ದಿದ್ಲು," ಎಂದ ಹುಡುಗ. ಆಮೇಲೆ ಸೇರಿಸಿದ: "ಭಾಳ ಹೆದರಿಕಿ ಆಗಿತ್ತು."

"ನನಗೂ," ಎಂದ ಪರಮಣ್ಣ ನೆಲದಿಂದ.

ಸವಿತಾ ಅಪ್ಪನನ್ನು ಕೈ ಹಿಡಿದು ಎಬ್ಬಿಸಿದಳು. "ಅಪ್ಪಾ, ನೀ ಎಷ್ಟು ತಾಸು ಕೂಡಸಿದ್ರೂ ಇದು ಕಾಣ್ತಿದ್ದಿಲ್ಲ. ಸಾಕು, ಬಿಡು." ಆಮೇಲೆ ಲಿಂಗಣ್ಣನಿಗೆ ಹೇಳಿದಳು: "ಮಾಮಾರ, ನಮ್ಮ ಅಪ್ಪನ್ನ ನೀವು ಬೈಯ್ರಿ, ಎಷ್ಟಾದ್ರೂ ಬೈಯ್ರಿ. ನಾ ಮಾತ್ರ ಇವರನ್ನೇ ಮಾಡಿಕೋತೇನಿ. ಅವರಿಗೆ ಬ್ಯಾಡಾದ್ರ ಅವರು ಹೇಳಲಿ."

ಎಲ್ಲರೂ ಹುಡುಗನ ಕಡೆ ನೋಡಿದರು. ಅವನು ಸೋದರಮಾವನನ್ನು ನೋಡಿದ, ಸವಿತಾಳನ್ನು ನೋಡಿದ, ತನ್ನ ಬರಿಮೈ ನೋಡಿಕೊಂಡ. "ಮಾಮಾ, ನೀವು ಮುಂದ ನಡೀರಿ," ಎಂದ. "ಟೇಲರ ಅಂಗಿ ನಾಳಿ ಕೊಡ್ತೇನಂದಾನ. ಇದ್ದ ಅಂಗಿ ಆಯಿ ತಲಿಗೆ ಕಟ್ಟೇನಿ. ಹಿಂಗ ಹೆಂಗ ಊರಿಗೆ ಬರ್ಲಿ?"

ಲಿಂಗಣ್ಣ ಗೋಡೆಯಾಚೆ ಪರಮಣ್ಣನ ಮನೆಯ ಕಡೆ ಮುಖ ತಿರುಗಿಸಿದ. ಅಲ್ಲಿ ಮಾಳಿಗೆಯ ಮೆಟ್ಟಿಲ ಮೇಲೆ ಕಲ್ಲಂಗಡಿ ಹಾಗೇ ಇತ್ತು. "ಅದೇನು, ಹಣ್ಣು ಅದ ಏನ್ರಿ?" ಎಂದ ಕಡೆಗೆ. ಹವಾಲ್ದಾರನೇ ಕೊಯ್ದು ಎಲ್ಲರಿಗೂ ಹಂಚಿದ. ಗೊಲ್ಲಾಳಮ್ಮ ಮೂರು ಹೊಲಿಗೆ ಹಾಕಿಸಿಕೊಂಡು ಜೀಪಿನಲ್ಲಿ ಬಂದು ಇಳಿದವಳು, ತನಗೆ ಒಂದು ಹೋಳೂ ಉಳಿಸಿಲ್ಲ ಎಂದು ಓಣಿಗೆಲ್ಲ ಬೈದಳು.

ಜೂನ್ ಮೊದಲ ವಾರದಲ್ಲಿ ಮದುವೆ ಆಯಿತು. ಹಿಂದಿನ ದಿನ ಪರಮಣ್ಣ ಕೊಂಕಲ್‌ಗೆ ಹೋಗಿ, ತಂಗಿಯ ಮನೆಯ ಬಾಗಿಲಲ್ಲಿ ಅರ್ಧ ತಾಸು ನಿಂತು, ಪರಿಮಳಾಳನ್ನು ಕರೆದುಕೊಂಡು ಬಂದ. ಮದುಮಗಳಿಗೆ ಸೀರೆ ಉಡಿಸಿದವಳು ಅವಳೇ.

ಮದುವೆಯಾಗಿ ಗುರುಮಠಕಲ್‌ಗೆ ಹೋಗಿದ್ದ ಗಂಡ ಹೆಂಡತಿ ಐದನೇ ದಿನ ರಂಗಂಪೇಟೆಗೆ ಬಂದು ಎರಡು ದಿನ ಇದ್ದರು. ಮರಳಿ ಹೊರಡುವ ಬೆಳಿಗ್ಗೆ ಪರಮಣ್ಣ ಅವರ ಚೀಲ ಹೊತ್ತು ಸುರಪುರ ಬಸ್ ಸ್ಟ್ಯಾಂಡಿಗೆ ಬಂದ. ಚೀಲ ಬಸ್ಸಿನೊಳಗೆ ಇಟ್ಟ. ಇಟ್ಟವನು ಇಳಿಯಲಿಲ್ಲ, ಅವರ ಹಿಂದಿನ ಸೀಟಿನಲ್ಲಿ ಕೂತ.

"ಅಪ್ಪಾ, ಬಸ್ ಬಿಡಾಕತ್ತದ," ಎಂದಳು ಸವಿತಾ.

"ಹೂಂ. ಶಹಾಪುರದಾಗ ಇಳೀತೇನಿ. ಕಾರ್ಖಾನ್ಯಾಗ ಕೆಲಸ ಅದ."

ಶಹಾಪುರ ಬಂತು. ಪರಮಣ್ಣ ಕಿಟಕಿಯಿಂದ ಹೊರಗೆ ನೋಡುತ್ತ ಕೂತ. "ಯಾದಗಿರಿ ತನಕ ಬರ್ತೇನಿ," ಎಂದ. "ಅಲ್ಲಿ ಒಬ್ಬರು ಪರಿಚಯದವ್ರು ಅದಾರ."

ಯಾದಗಿರಿಯಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಪರಮಣ್ಣ ಚೀಲಗಳನ್ನು ಎತ್ತಿಕೊಟ್ಟು, ಬಾಗಿಲ ಬಳಿ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತ. ಇಳಿಯಬೇಕೋ ಹತ್ತಬೇಕೋ ಅವನಿಗೆ ತಿಳಿಯಲಿಲ್ಲ. ಹಿಂದಿನವರು "ಹತ್ರಿ, ಹತ್ರಿ" ಎಂದು ತಳ್ಳಿದರು. ಹತ್ತಿದ. ಸವಿತಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದ. ಸವಿತಾ ಆಧಾರ್ ಕಾರ್ಡು ತೋರಿಸಿ ತನ್ನ ಫ್ರೀ ಟಿಕೆಟ್ ತೆಗೆದುಕೊಂಡಳು. ಕಂಡಕ್ಟರ್ ಪರಮಣ್ಣನ ಮುಂದೆ ನಿಂತ. "ಯಜಮಾನ್ರ, ನಿಮಗ ಎಲ್ಲೀದು?"

ಪರಮಣ್ಣ ಬಾಯಿ ತೆರೆದ. ಹೇಳಲು ಯಾವ ಊರೂ ಬರಲಿಲ್ಲ.

ಅರುಣಕುಮಾರ ಹಿಂದೆ ತಿರುಗದೆಯೇ ದುಡ್ಡು ಚಾಚಿದ. "ಗುರುಮಠಕಲ್ ಎರಡು ಕೊಡ್ರಿ," ಎಂದ. "ಮಾವಾರು ನಮ್ಮ ಜೊತಿಗೇ ಅದಾರ."